ತುಂಗೆಯ ಮೀನಿಗೆ ಬೋರ್‌ವೆಲ್ ನೀರು

ಈದ್ ಕಳೆದು ಎಂಟು-ಹತ್ತು ದಿನವಾದರೆ ಸಾಕು, ಮಧುಗಿರಿಯ ನನ್ನ ದವಾಖಾನೆಗೆ ಯಾರಾದರೊಬ್ಬ ಹುಡುಗ ಡಬ್ಬಿಯಲ್ಲಿ ಮೀನು ಹಿಡಿದುಕೊಂಡು ಬರುತ್ತಾನೆ. ನಾನು ಮನುಷ್ಯರಿಗೆ ಔಷಧಿ ಕೊಡುವವನು ಎಂಬುದು ಅವನಿಗೂ ಗೊತ್ತು. ಆದರೆ ರೋಗಿಗಳು ಕೂರುವ ಕೋಣೆಯಲ್ಲಿ ನಾನು ಅಕ್ವೇರಿಯಂ ಇಟ್ಟಿದ್ದೇನಲ್ಲ! "ಡಾಕ್ಟರ್ ಸಾಬ್, ಇದಕ್ಕೆ ಯುನಾನಿ ದವಾ ಇದೆಯಾ?" ಎಂದು ಕೇಳುತ್ತಾನೆ. ಈದಿಯ ಹಣ ಕೂಡಿಸಿ ತಂದ ಮೀನದು. ಹೆಚ್ಚಿನ ಸಲ ಡಬ್ಬಿಯಲ್ಲಿರುವುದು ಮೈಮೇಲೆ ಪಟ್ಟೆ, ಬಾಯಿಯ ಸುತ್ತ ಸಣ್ಣ ಮೀಸೆ ಇರುವ ಲೋಚ್ ಮೀನು.

ದವಾ ಇಲ್ಲ. ಕಲೋಂಜಿ ಎಣ್ಣೆ, ಅರಿಶಿನ, ಉಪ್ಪು ಏನನ್ನೂ ತೊಟ್ಟಿಗೆ ಹಾಕಬೇಡಿ ಎಂದು ಹೇಳಿ ಕಳಿಸುತ್ತೇನೆ. ಆದರೆ ಅಷ್ಟಕ್ಕೆ ನನ್ನ ಕೆಲಸ ಮುಗಿಯಿತೆಂದು ಅನ್ನಿಸುವುದಿಲ್ಲ. ಆ ಹುಡುಗನ ತಪ್ಪೇನೂ ಇಲ್ಲ. ಕೊಡಿಸಿದ ಹಿರಿಯರಿಗೆ ಯಾರೂ ಹೇಳಿಕೊಟ್ಟಿಲ್ಲ. "ಇದನ್ನು ಒಂದು ಹಾಕಿಕೊಳ್ಳಿ, ತಳವನ್ನೆಲ್ಲ ಕ್ಲೀನ್ ಮಾಡುತ್ತೆ" ಎಂದು ಅಂಗಡಿಯಲ್ಲಿ ಹೇಳಿರುತ್ತಾರೆ, ಅಷ್ಟೇ. ಹಾವಿನ ಮರಿಯಂತೆ ಕಾಣುವ ಇನ್ನೊಂದು ಜಾತಿಗೆ ಕೂಲಿ ಲೋಚ್ ಎಂದೇ ಹೆಸರು. ಹೆಸರು ಕೇಳಿ ಮೋಸ ಹೋಗಬೇಡಿ, ಅದೂ ನಿಮ್ಮ ಮನೆಗೆ ಕೂಲಿ ಮಾಡಲು ಬಂದದ್ದಲ್ಲ. ಲೋಚ್ ಮೀನು ಹಿಕ್ಕೆ ತಿನ್ನುವುದಿಲ್ಲ. ತಳದಲ್ಲಿ ಮೂಗು ತೂರಿಸಿ ಹುಳ, ಬಸವನಹುಳು ಹುಡುಕುತ್ತದೆ. ಗಲೀಜು ಮಾಡುವ ಮೀನುಗಳ ಜೊತೆ ಇನ್ನೊಂದು ಸೇರಿತು ಎಂದಷ್ಟೇ ಅರ್ಥ.

ಈ ಪಟ್ಟೆ ಮೀನಿನ ಊರು ಯಾವುದು ಗೊತ್ತೇ? ಜೀಬ್ರಾ ಲೋಚ್ ಎಂದು ಮಾರುವ ಈ ಮೀನಿನ ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಯೇಟಾ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ 1920ರಲ್ಲಿ ಅದಕ್ಕೆ ಈ ಹೆಸರು ಕೊಟ್ಟರು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಹುಟ್ಟುವುದಿಲ್ಲ. ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನಲ್ಲಿರುವ ಮೀನು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿಯುವುದೂ ಅದಕ್ಕೊಂದು ಕಾರಣ. ಮನೆಯ ತೊಟ್ಟಿಯಲ್ಲಿ ಇದು ಮರಿ ಮಾಡುವುದು ತೀರಾ ಅಪರೂಪ.

ಈಗ ನಮ್ಮ ಕಡೆ ನೋಡಿ. ತೀರ್ಥಹಳ್ಳಿಯ ಹೊಳೆ ಎಂದರೆ ಕಲ್ಲುಗಳ ನಡುವೆ ಓಡುವ, ಮಳೆಯಿಂದಲೇ ತುಂಬುವ ಮೆದು ನೀರು. ನಮ್ಮದು ನಿಡುಗಲ್ ಸೀಮೆ. ಪಾವಗಡದಲ್ಲಿ ಕೊಳವೆಬಾವಿ ಇಳಿದಷ್ಟೂ ನೀರು ಗಡಸು, ಜೊತೆಗೆ ಫ್ಲೋರೈಡ್. ಕಂದು ಹಲ್ಲಿನ ಮಕ್ಕಳನ್ನು, ಮಂಡಿ ಹಿಡಿದುಕೊಂಡು ಬರುವ ಹಿರಿಯರನ್ನು ನಾನು ದಿನವೂ ನೋಡುತ್ತೇನೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಕುಡಿಯಬಾರದೆಂದು ನಮಗೆಲ್ಲ ಈಗ ಗೊತ್ತಾಗಿದೆ. ಹಾಗಾಗಿ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತೇವೆ. ನಾವೇ ಕುಡಿಯದ ನೀರಿನಲ್ಲಿ ತುಂಗೆಯ ಮೀನನ್ನು ಬಿಟ್ಟು, ಹತ್ತು ದಿನದಲ್ಲಿ ಯಾಕೆ ಸತ್ತಿತು ಎಂದು ಕೇಳುತ್ತೇವೆ!

ನಾನೇನೂ ಹೊರತಲ್ಲ. ಆರಂಭದಲ್ಲಿ ದವಾಖಾನೆಗೆಂದು ಎರಡಡಿ ತೊಟ್ಟಿ ತಂದೆ. ಅದೇ ಸಂಜೆ ಬೋರ್‌ವೆಲ್ ನೀರು ತುಂಬಿಸಿ ಗೋಲ್ಡ್‌ಫಿಶ್ ಜೊತೆಗೆ ಎರಡು ಜೀಬ್ರಾ ಲೋಚ್ ಬಿಟ್ಟೆ. ಮೂರನೇ ವಾರ ಅವುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡಿತು. ಬಾಟಲಿಯ ಮೇಲೆ ಬರೆದಷ್ಟೂ ಔಷಧಿ ಸುರಿದೆ. ಗೋಲ್ಡ್‌ಫಿಶ್ ಉಳಿದವು. ಲೋಚ್‌ಗಳು ಎರಡೇ ದಿನದಲ್ಲಿ ಹೋದವು. ಇವುಗಳ ಹುರುಪೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ಚರ್ಮ ಬರಿದಾಗಿದ್ದಂತೆಯೇ, ಉಪ್ಪು-ಔಷಧಿಯ ಪೆಟ್ಟು ನೇರ ಮೈಗೆ ತಾಗುತ್ತದೆ ಎಂಬುದನ್ನು ಆಮೇಲೆ ಓದಿದೆ. ತಾಮ್ರ ಬೆರೆತ ಔಷಧಿಯಂತೂ ಬೇಡವೇ ಬೇಡ. ರೋಗಿಯ ಮಿಜಾಜ್ ನೋಡದೆ ದವಾ ಕೊಡಬೇಡ ಎಂದು ಐದು ವರ್ಷ ಓದಿಸಿದ್ದರು. ಮೀನಿನ ವಿಷಯದಲ್ಲಿ ಅದನ್ನು ಮರೆತೆ.

ಆರೋಗ್ಯಕ್ಕೆ ಆರು ಅವಶ್ಯಕ ಸಂಗತಿಗಳಿವೆ ಎಂದು ಯುನಾನಿಯಲ್ಲಿ ಹೇಳುತ್ತೇವೆ, ಅಸ್ಬಾಬೆ ಸಿತ್ತಾ ಜರೂರಿಯಾ. ಅವುಗಳಲ್ಲಿ ಗಾಳಿ ಒಂದು, ಅನ್ನಪಾನ ಇನ್ನೊಂದು, ಮಲಮೂತ್ರದ ವಿಸರ್ಜನೆ ಮತ್ತೊಂದು. ನಮಗೆ ಇವು ಮೂರು ಬೇರೆ ಬೇರೆ ಜಾಗ. ತೊಟ್ಟಿಯ ಮೀನಿಗೆ ಮೂರೂ ಒಂದೇ ನೀರು. ಅದು ಉಸಿರಾಡುವ ನೀರಿಗೇ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಈ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಲೋಚ್ ತರಬಾರದು ಎನ್ನುವುದು ಇದಕ್ಕೇ.

ಇಲ್ಲಿ ನಮ್ಮ ಮನೆಗಳ ಶುಚಿತ್ವವೇ ಮೀನಿಗೆ ಮುಳುವಾಗುವುದನ್ನು ಕಂಡಿದ್ದೇನೆ. ಜುಮಾದ ಹಿಂದಿನ ದಿನ ಮನೆಯೆಲ್ಲ ತೊಳೆಯುವಾಗ ತೊಟ್ಟಿಯನ್ನೂ ಖಾಲಿ ಮಾಡಿ, ಸೋಪಿನ ಪುಡಿ ಹಾಕಿ ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಹೊಸ ನೀರು ತುಂಬುತ್ತಾರೆ. ಗಾಜು ಫಳಫಳ ಹೊಳೆಯುತ್ತದೆ, ಬ್ಯಾಕ್ಟೀರಿಯಾ ಸತ್ತಿರುತ್ತದೆ. ಸಹೋದರಿಯರೇ, ಸೋಪು ಮುಟ್ಟಿಸಬೇಡಿ. ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿ. ತೆಗೆದ ನೀರಿನಲ್ಲೇ ಸ್ಪಂಜು ಅದ್ದಿ ಹಿಂಡಿ, ಸಾಕು.

ಹೊಸ ನೀರು ಯಾವುದು? ಪುರಸಭೆಯ ನಲ್ಲಿ ನೀರಾದರೆ ಅಗಲವಾದ ಟಬ್ಬಿನಲ್ಲಿ ಒಂದು ಇಡೀ ದಿನ ತೆರೆದಿಡಿ, ಕ್ಲೋರಿನ್ ಹೋಗಲಿ. ಬೋರ್‌ವೆಲ್ ನೀರನ್ನೂ ರಾತ್ರಿಯಿಡೀ ಇಟ್ಟು ಗಾಳಿ ಪಂಪ್ ಬಿಡಿ. ಗಡಸು ಹೆಚ್ಚಿರುವ ಕಡೆ ಅರ್ಧ ಆರ್‌ಒ ನೀರು, ಅರ್ಧ ಬೋರ್‌ವೆಲ್ ನೀರು ಬೆರೆಸಿ. ಬರೀ ಆರ್‌ಒ ನೀರೂ ಒಳ್ಳೆಯದಲ್ಲ, ಅದರಲ್ಲಿ ಖನಿಜವೇ ಇರುವುದಿಲ್ಲ. ಇನ್ನು ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಪೋಲು ಮಾಡಬಾರದೆಂದು ತೊಟ್ಟಿಗೆ ಸುರಿಯುವವರಿದ್ದಾರೆ. ಉದ್ದೇಶ ಒಳ್ಳೆಯದು. ಆದರೆ ಲವಣವೆಲ್ಲ ಸೇರಿರುವುದು ಅದರಲ್ಲೇ. ಅದು ನೆಲ ಒರೆಸಲು ಇರಲಿ.

ಬೇಸಿಗೆಯಲ್ಲಿ ಇನ್ನೊಂದು ಫಜೀತಿ. ಈ ಮೀನಿಗೆ 23ರಿಂದ 26 ಡಿಗ್ರಿ ಹಿತ. ಏಪ್ರಿಲ್‌ನ ಶಿರಾ, ಪಾವಗಡ ಹೇಗಿರುತ್ತದೆಂದು ನಾನು ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ತಳದ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ಮುಚ್ಚಳದ ಬದಲು ಸಣ್ಣ ಕಣ್ಣಿನ ಜಾಲರಿ ಹಾಕಿ ನೀರಿನ ಮೇಲೆ ಟೇಬಲ್ ಫ್ಯಾನ್ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಜಾಲರಿ ಇಲ್ಲದಿದ್ದರೆ ಲೋಚ್ ಹಾರಿ ಹೊರಗೆ ಬೀಳುತ್ತದೆ.

ಒಂಟಿಯಾಗಿ ಇದು ಬದುಕುವ ಮೀನಲ್ಲ. ಐದಾರು ಇದ್ದರೆ ಒಂದರ ಮೈಗೆ ಒಂದು ತಾಗಿಸಿಕೊಂಡು ಕಲ್ಲಿನ ಸಂದಿಯಲ್ಲಿ ಮಲಗುತ್ತವೆ, ಆಡುತ್ತವೆ, ಟಿಕ್ ಟಿಕ್ ಎಂದು ಸದ್ದನ್ನೂ ಮಾಡುತ್ತವೆ. ಒಂದೇ ಇದ್ದರೆ ಮೂಲೆ ಸೇರುತ್ತದೆ, ಇಲ್ಲವೇ ಬೇರೆ ಮೀನುಗಳ ರೆಕ್ಕೆ ಕಚ್ಚುತ್ತದೆ. ಐದಾರಕ್ಕೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಬೇಕು, ಅಂದರೆ ಹೆಚ್ಚುಕಡಿಮೆ 190 ಲೀಟರ್. ತಳಕ್ಕೆ ಚೂಪು ಜಲ್ಲಿ ಬೇಡ, ತೊಳೆದ ನಯವಾದ ಮರಳು ಹಾಕಿ. ಒಡೆದ ಮಡಕೆಯ ತುಂಡುಗಳನ್ನು ಅಂಚು ಉಜ್ಜಿ ಬೋರಲಿಟ್ಟರೆ ಅದೇ ಅವುಗಳ ಮನೆ. ಕೆಲವೊಮ್ಮೆ ಪಕ್ಕಕ್ಕೆ ವಾಲಿ ಸತ್ತಂತೆ ಮಲಗುತ್ತವೆ, ಗಾಬರಿಯಾಗಿ ಎತ್ತಿ ಎಸೆಯಬೇಡಿ. ನಮ್ಮ ದವಾಖಾನೆಯ ಆಯಾ ಒಮ್ಮೆ "ಇನ್ನಾ ಲಿಲ್ಲಾಹಿ" ಹೇಳಿಯೂ ಆಗಿತ್ತು, ಆಮೇಲೆ ಮೀನು ಎದ್ದು ಹೋಯಿತು! ಹಿಡಿಯುವಾಗ ಬಲೆ ಬೇಡ, ಕಣ್ಣಿನ ಕೆಳಗೆ ಮಡಚುವ ಮುಳ್ಳಿದೆ, ಸಿಕ್ಕಿಕೊಳ್ಳುತ್ತದೆ, ಮಕ್ಕಳ ಬೆರಳಿಗೂ ಚುಚ್ಚುತ್ತದೆ. ಲೋಟದಲ್ಲಿ ಹಿಡಿಯಿರಿ. ಊಟವನ್ನು ಇಶಾ ನಮಾಝಿನ ನಂತರ ದೀಪ ಆರಿಸಿ ಹಾಕಿ, ತಳಕ್ಕೆ ಮುಳುಗುವ ಕಾಳು ಸ್ವಲ್ಪವೇ. ಬ್ರೆಡ್ಡು, ಬಿರಿಯಾನಿ ಅನ್ನ ಬೇಡ. ತಿಂದರೂ ಬೆನ್ನು ಚೂಪಾಗುತ್ತಾ ಬಂದರೆ ಹೊಟ್ಟೆಯಲ್ಲಿ ಹುಳ ಇರಬಹುದು. ಆಗ ಪಶುವೈದ್ಯರನ್ನು ಕೇಳಿ. ಕುರಿಗೆ ತಂದಿಟ್ಟ ಜಂತಿನ ಔಷಧಿಯನ್ನು ಅಂದಾಜಿನ ಮೇಲೆ ಸುರಿಯಬೇಡಿ.

ನಿಮ್ಮ ಆರೋಗ್ಯದ ಮಾತೂ ಇದೆ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಿದರೆ ಒಂದು ಬಗೆಯ ಮೈಕೋಬ್ಯಾಕ್ಟೀರಿಯಾ ಒಳಹೊಕ್ಕು ವಾರಗಟ್ಟಲೆ ಮಾಯದ ಗಂಟು ಏಳಬಹುದು. ಅಂಥ ಗಂಟಿದ್ದರೆ ಮನೆಯಲ್ಲಿ ಮೀನಿದೆ ಎಂದು ವೈದ್ಯರಿಗೆ ಹೇಳಿ. ಪೈಪನ್ನು ಬಾಯಲ್ಲಿ ಎಳೆದು ನೀರು ಇಳಿಸಬೇಡಿ. ತೆಗೆದ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲದೆ ಗಿಡಗಳಿಗೆ ಹಾಕಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳ ಕೈಯನ್ನು ನೀವೇ ತೊಳೆಸಿ. ಮೀನು ಸತ್ತು ಅಂಗಳಕ್ಕೆ ಹೋದ ಖಾಲಿ ತೊಟ್ಟಿ ಮಳೆಗಾಲದಲ್ಲಿ ಡೆಂಗಿ ಸೊಳ್ಳೆಯ ತೊಟ್ಟಿಲು, ಬೋರಲು ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ, ಸಾಕುವುದೇ ತಪ್ಪೇ ಎಂದು ಕೇಳಬಹುದು. ಪುಟ್ಟ ಹಕ್ಕಿ ಸಾಕಿದ್ದ ಬಾಲಕ ಅಬೂ ಉಮೈರ್‌ನನ್ನು ಪ್ರವಾದಿವರ್ಯರು(ಸ) ಅಕ್ಕರೆಯಿಂದ ಆ ಹಕ್ಕಿಯ ಬಗ್ಗೆ ವಿಚಾರಿಸಿದ ಹದೀಸ್ ನಿಮಗೆ ಗೊತ್ತು. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಮಹಿಳೆಯ ಹದೀಸ್ ಕೂಡ ಗೊತ್ತು. ಮೀನಿಗೆ ಕಾಳು ಹಾಕಿದ ಮಾತ್ರಕ್ಕೆ ನಾವು ಎರಡನೆಯದರಿಂದ ತಪ್ಪಿಸಿಕೊಂಡೆವು ಎಂದು ನನಗೆ ಅನ್ನಿಸುವುದಿಲ್ಲ, ಅದರ ನೀರೂ ನಮ್ಮ ಕೈಯಲ್ಲೇ ಇದೆಯಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಮೂರಡಿ ತೊಟ್ಟಿ, ಬೆರೆಸಿದ ನೀರು, ವಾರಕ್ಕೆ ಒಂದು ಗಂಟೆ ಇಲ್ಲದ ಮನೆಗೆ ಲೋಚ್ ಬೇಡ. ಕಿತ್ತಳೆ-ಕಪ್ಪು ಪಟ್ಟೆಯ ಕ್ಲೌನ್ ಲೋಚ್ ಅಂತೂ ಬೇಡ. ಸುಮಾತ್ರಾ, ಬೋರ್ನಿಯೋ ನದಿಗಳ ಆ ಮೀನು ಅಂಗಡಿಯಲ್ಲಿ ಎರಡು ಅಂಗುಲ ಇರುತ್ತದೆ, ಬೆಳೆದರೆ ಒಂದಡಿಯ ಹತ್ತಿರ, ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು. ಈದಿಯ ಹಣಕ್ಕೆ ಗಪ್ಪಿ, ಕಪ್ಪು ಮೋಲಿ ಕೊಡಿಸಿ. ಅವಕ್ಕೆ ಗಡಸು ನೀರೇ ಇಷ್ಟ, ಮರಿಯನ್ನೂ ಹಾಕುತ್ತವೆ, ಮಕ್ಕಳಿಗೆ ನೋಡಲು ಅದೇ ಹೆಚ್ಚು ಖುಷಿ. ನನ್ನ ದವಾಖಾನೆಯಲ್ಲಿ ಈಗಿರುವುದು ಅವೇ. ಮೂರಡಿಯ ತೊಟ್ಟಿ ಮಾತ್ರ ಮನೆಯಲ್ಲಿದೆ, ಒಬ್ಬರು ಬೇಡವೆಂದು ಬಿಟ್ಟುಹೋದ ಆರು ಲೋಚ್‌ಗಳು ಅದರಲ್ಲಿವೆ.

ಈಗಾಗಲೇ ಮನೆಯಲ್ಲಿ ಒಂಟಿ ಲೋಚ್ ಇದ್ದರೆ ನಾಳೆಯೇ ಓಡಿಹೋಗಿ ಇನ್ನೈದು ತರಬೇಡಿ. ಮೊದಲು ನೀರು ಸರಿಯಾಗಲಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಲಿ. ಆಮೇಲೆ ಎರಡೆರಡಾಗಿ ತಂದು, ಬೇರೆ ಟಬ್ಬಿನಲ್ಲಿ ಮೂರು ವಾರ ಇಟ್ಟು, ಬಿಳಿ ಚುಕ್ಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಸೇರಿಸಿ. ಸಾಕಲು ಆಗುವುದಿಲ್ಲ ಎನಿಸಿದರೆ ಅಂಗಡಿಗೇ ವಾಪಸ್ ಕೊಡಿ, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಪುಣ್ಯ ಬರುತ್ತದೆಂದು ಜಯಮಂಗಲಿಗೋ ಊರ ಕೆರೆಗೋ ಬಿಡಬೇಡಿ. ಅದು ಅವುಗಳ ನೀರಲ್ಲ, ನಿಮ್ಮ ತೊಟ್ಟಿಯ ರೋಗ ಅಲ್ಲಿನ ಮೀನಿಗೂ ಹೋಗಬಹುದು.