‘ಗೊತ್ತಿಲ್ಲ’ ಎನ್ನಲು ಬಾರದ ಪರದೆ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಹೆಂಚಿನ ಮಾಡಿನ ನಮ್ಮ ಹಳೆಯ ಶಾಲೆಯ ಬಗ್ಗೆ, ಕಾಲವಾದ ಸಹೋದ್ಯೋಗಿಗಳ ಬಗ್ಗೆ, ಹೆಚ್ಚೆಂದರೆ ಪಠ್ಯಪುಸ್ತಕದ ತಪ್ಪುಗಳ ಬಗ್ಗೆ. ಈ ಸಲ ಜಗಳಕ್ಕೆ ಕುಳಿತಿದ್ದೇನೆ. ಜಗಳ ‘ಮಾನವ ದೋಷ’ ಎಂಬ ಎರಡು ಪದಗಳ ಮೇಲೆ. ಕಾರ್ಖಾನೆಯಲ್ಲಿ ಏನಾದರೂ ಸೋರಿದಾಗ, ಉಕ್ಕಿದಾಗ, ಸಿಡಿದಾಗ ತನಿಖಾ ವರದಿಯ ಕೊನೆಯ ಪುಟದಲ್ಲಿ ಈ ಎರಡು ಪದಗಳನ್ನು ಬರೆದು, ಪಾಳಿಯಲ್ಲಿದ್ದ ಒಬ್ಬನ ಕೊರಳಿಗೆ ಕಟ್ಟಿ, ಉಳಿದವರೆಲ್ಲ ಕೈತೊಳೆದುಕೊಳ್ಳುವ ಪದ್ಧತಿಯ ಮೇಲೆ. ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಕುಳಿತು, ಇಂಥ ಕಾರ್ಖಾನೆಗಳ ಮೇಲೆ ಕಣ್ಣಿಟ್ಟು ಅವನ್ನು ನಡೆಸುವ ತಂತ್ರಾಂಶವನ್ನೇ ಬರೆಯುತ್ತಿದ್ದೀರಿ. ಆದ್ದರಿಂದ ಇದು ನಿಮ್ಮೊಡನೆಯೇ ಹೂಡಿದ ಜಗಳವೆಂದು ನೀವು ತಿಳಿದರೂ ನನಗೆ ಬೇಸರವಿಲ್ಲ.

ಕಳೆದ ದೀಪಾವಳಿಗೆ ಎರಡು ದಿನ ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು, ಊರು, ಕಾರ್ಖಾನೆ ಯಾವುದನ್ನೂ ಬರೆಯುವುದಿಲ್ಲ. ಅವನ ಸಹಪಾಠಿಗಳು ಊಹಿಸಿದರೆ ದಯವಿಟ್ಟು ಬಾಯಿ ಬಿಡಬೇಡಿ. ಡಿಪ್ಲೊಮಾ ಮುಗಿಸಿ ಒಂದು ರಾಸಾಯನಿಕ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ದುಡಿದವನು. ಹಣ್ಣಿನ ಚೀಲದ ಜೊತೆಗೆ ಒಂದು ಫೈಲನ್ನೂ ತಂದಿದ್ದ. ಅದರೊಳಗೆ ಆಡಳಿತವರ್ಗದ ಕಾರಣ ಕೇಳಿ ನೋಟಿಸು. ‘ಸಾರ್, ಇದಕ್ಕೆ ನೀವೇ ಉತ್ತರ ಬರೆದುಕೊಡಬೇಕು. ನಾನು ಬರೆಯೋಕೆ ಕೂತರೆ ಕೈ ನಡುಗುತ್ತೆ’ ಎಂದ.

ನಡೆದದ್ದು ಇಷ್ಟು. ರಾತ್ರಿ ಪಾಳಿಯಲ್ಲಿ 2.40ರ ಹೊತ್ತಿಗೆ ಹೊರಗಿನಿಂದ ಬರುವ ವಿದ್ಯುತ್ತು ಒಂದು ಕ್ಷಣ ಕುಸಿದಿದೆ. ಹತ್ತಾರು ಮೋಟಾರುಗಳು ಒಮ್ಮೆಗೇ ನಿಂತಿವೆ. ಅವನೂ, ಸೇರಿ ಎರಡು ತಿಂಗಳು ತುಂಬದ ತರಬೇತಿಯ ಹುಡುಗನೊಬ್ಬನೂ ಒಂದೊಂದಾಗಿ ಎಲ್ಲವನ್ನೂ ಮತ್ತೆ ಚಾಲೂ ಮಾಡುತ್ತಿರುವಾಗ ದ್ರಾವಕದ ಟ್ಯಾಂಕೊಂದು ತುಂಬಿ ಉಕ್ಕಿ ಸುತ್ತಲಿನ ಕಟ್ಟೆಯೊಳಗೆ ಹರಿದಿದೆ. ಬೆಂಕಿ ಹತ್ತಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪರದೆಯ ಮೇಲೆ ಆ ಟ್ಯಾಂಕಿನ ಮಟ್ಟ ಮೊದಲಿನಿಂದ ಕೊನೆಯವರೆಗೂ ಶೇಕಡಾ 62, ಹಸಿರು ಬಣ್ಣದಲ್ಲಿ. ಟ್ಯಾಂಕಿನಿಂದ ಸಂಕೇತ ತರುವ ಕಾರ್ಡು ವಿದ್ಯುತ್ತು ಕುಸಿದ ಕ್ಷಣದಲ್ಲೇ ಕೆಟ್ಟು ಮೂಕವಾಗಿತ್ತು. ಕಂಪ್ಯೂಟರು ತನಗೆ ಕೊನೆಯದಾಗಿ ತಲುಪಿದ ಅಂಕಿಯನ್ನೇ ಹಿಡಿದು ತೋರಿಸುತ್ತ ಕುಳಿತಿತ್ತು. ಸಂಪರ್ಕ ಕಡಿದದ್ದನ್ನು ಅಲಾರಂ ತಿಳಿಸಿತ್ತು, ಅದನ್ನು ಗಮನಿಸಲಿಲ್ಲ, ಆದಕಾರಣ ಕರ್ತವ್ಯದಲ್ಲಿ ಅಲಕ್ಷ್ಯ, ಮಾನವ ದೋಷ ಎಂಬುದು ನೋಟಿಸಿನ ಸಾರ.

ಆ ಅಲಾರಂಗಳ ಪಟ್ಟಿ ಎಲ್ಲಿ ಎಂದು ಕೇಳಿದೆ. ಹನ್ನೊಂದು ಹಾಳೆ ಮುದ್ರಿಸಿ ತಂದಿದ್ದ. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಕೈ ತಾನಾಗಿಯೇ ಕೆಂಪು ಪೆನ್ಸಿಲಿನತ್ತ ಹೋಯಿತು. ಇಪ್ಪತ್ತು ನಿಮಿಷದಲ್ಲಿ 186 ಸಾಲು, ಎಂದರೆ ಆರೂವರೆ ಸೆಕೆಂಡಿಗೊಂದು. ಸಂಪರ್ಕ ಕಡಿದ ಸುದ್ದಿ ಇದ್ದುದು 61ನೆಯ ಸಾಲಿನಲ್ಲಿ, ಅಕ್ಷರ ಅಂಕಿಗಳು ಕಲಸಿದ ಒಂದು ಸಂಕೇತನಾಮದ ರೂಪದಲ್ಲಿ. ಅದರ ಮೇಲಿನ ಸಾಲು ಕ್ಯಾಂಟೀನಿನ ನೀರಿನ ಪಂಪು ನಿಂತಿತೆಂಬುದು. ಎರಡಕ್ಕೂ ಒಂದೇ ದರ್ಜೆ: ‘ತುರ್ತು’. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತ ಹೋದೆ: ಈ ಸಾಲು ಬಂದಾಗ ನೀನು ಏನಾದರೂ ಮಾಡಲೇಬೇಕಿತ್ತೇ? ಹಾಗೆ ಗುರುತು ಬಿದ್ದವು ಒಂಬತ್ತು. ಉಳಿದ 177 ಬರಿಯ ಗದ್ದಲ. ಈ ಬಗೆಯ ಗದ್ದಲಕ್ಕೊಂದು ಮಿತಿ ಬೇಕೆಂದು ಬ್ರಿಟನ್ನಿನ ಇಇಎಂಯುಎ ಸಂಸ್ಥೆ 1999ರಲ್ಲೇ 191ನೆಯ ಸಂಖ್ಯೆಯ ಮಾರ್ಗದರ್ಶಿಯನ್ನು ಪ್ರಕಟಿಸಿತು. ಸಾಮಾನ್ಯ ದಿನದಲ್ಲಿ ಹತ್ತು ನಿಮಿಷಕ್ಕೆ ಸುಮಾರು ಒಂದು, ಏರುಪೇರಾದಾಗ ಮೊದಲ ಹತ್ತು ನಿಮಿಷದಲ್ಲಿ ಹತ್ತನ್ನು ಮೀರದಷ್ಟು ಅಲಾರಂ ಇದ್ದರೆ ಮನುಷ್ಯ ನಿಭಾಯಿಸಬಲ್ಲ ಎಂಬುದು ಅದರ ಅಳತೆ. ತರಗತಿಯಲ್ಲಿ ಅರವತ್ತು ಮಕ್ಕಳು ಏಕಕಾಲಕ್ಕೆ ‘ಸಾರ್’ ಎಂದು ಕೂಗಿದರೆ, ಬಾವಿಗೆ ಬಿದ್ದ ಹುಡುಗನ ಸುದ್ದಿ ತಂದವನ ದನಿ ಕೇಳಿಸಲಿಲ್ಲವೆಂದು ಮೇಷ್ಟರನ್ನು ಅಮಾನತು ಮಾಡುತ್ತಾರೆಯೇ?

ಗದ್ದಲಕ್ಕಿಂತಲೂ ನನ್ನ ತಲೆ ಕೆಡಿಸಿದ್ದು ಆ ಹಸಿರು 62.

ನನ್ನ ಬಳಿ ಭೌತಶಾಸ್ತ್ರ ಕಲಿತವರಿಗೆ ವಿದ್ಯುತ್ಪ್ರವಾಹದ ಪಾಠ ನೆನಪಿರಬಹುದು. ಕಾರ್ಖಾನೆಯ ಉಪಕರಣಗಳು ತಮ್ಮ ಅಳತೆಯನ್ನು ತಂತಿಯ ಮೂಲಕ ಕಳುಹಿಸುವುದು ಬಹುಮಟ್ಟಿಗೆ 4ರಿಂದ 20 ಮಿಲಿಆಂಪಿಯರ್ ಪ್ರವಾಹವಾಗಿ. ಟ್ಯಾಂಕು ಬರಿದಾಗಿದ್ದರೆ 4, ತುಂಬಿದ್ದರೆ 20. ಬರಿದಾದುದಕ್ಕೆ ಸೊನ್ನೆಯನ್ನೇ ಇಡಬಹುದಿತ್ತಲ್ಲ, 4 ಏಕೆ? ತಂತಿ ತುಂಡಾದರೆ ಪ್ರವಾಹ ಸೊನ್ನೆಯಾಗುತ್ತದೆ. ಬರಿದಾದ ಟ್ಯಾಂಕಿಗೂ ಸೊನ್ನೆ, ತುಂಡಾದ ತಂತಿಗೂ ಸೊನ್ನೆ ಎಂದಾದರೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ? ಆ ಹಳೆಯ ಎಂಜಿನಿಯರುಗಳು ಉಪಕರಣಕ್ಕೆ ‘ನನಗೆ ಗೊತ್ತಿಲ್ಲ’ ಎಂದು ಹೇಳುವ ನಾಲಗೆಯನ್ನು ಇಟ್ಟಿದ್ದರು. ಮೊದಲ ಬಾರಿಗೆ ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪರೀಕ್ಷೆಯಲ್ಲಿ ಉತ್ತರ ಬಾರದಿದ್ದರೆ ಜಾಗ ಖಾಲಿ ಬಿಡಿ, ಕಥೆ ಕಟ್ಟಬೇಡಿ ಎಂದು ನಿಮಗೆಲ್ಲ ಎಷ್ಟು ಸಲ ಹೇಳಿಲ್ಲ!

ಹಾಗಾದರೆ ಇಂದಿನ ತಂತ್ರಾಂಶಕ್ಕೆ ಆ ನಾಲಗೆ ಇಲ್ಲವೇ? ಇದೆ, ಅದೇ ನನ್ನ ಸಿಟ್ಟಿಗೆ ಕಾರಣ. ನಿಮ್ಮಲ್ಲೇ ಒಬ್ಬಳು, ಇದೇ ಕಸುಬಿನವಳು, ದೂರವಾಣಿಯಲ್ಲಿ ವಿವರಿಸಿದಳು. ಉಪಕರಣಗಳಿಂದ ಕಂಪ್ಯೂಟರಿಗೆ ಮಾಹಿತಿ ಸಾಗಿಸಲು 1996ರಲ್ಲಿ ಬಂದ ಒಪಿಸಿ ಎಂಬ ಪದ್ಧತಿಯಲ್ಲಿ ಪ್ರತಿ ಅಂಕಿಯ ಬೆನ್ನಿಗೂ ಅದರ ಯೋಗ್ಯತೆಯ ಚೀಟಿಯೊಂದು ಬರುತ್ತದಂತೆ: ಒಳ್ಳೆಯದು, ಕೆಟ್ಟದ್ದು, ಅನಿಶ್ಚಿತ ಎಂದು. ಪರದೆಯ ಚಿತ್ರ ಬಿಡಿಸುವವನು ಆ ಚೀಟಿಯನ್ನು ಬಣ್ಣಕ್ಕೆ ಜೋಡಿಸಿದರೆ ಅಂಕಿ ಬೂದಿಬಣ್ಣಕ್ಕೆ ತಿರುಗುತ್ತದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಜೋಡಿಸದಿದ್ದರೆ ಹಸಿರು 62. ನನ್ನ ವಿದ್ಯಾರ್ಥಿಯ ಕಾರ್ಖಾನೆಯಲ್ಲಿ ಜೋಡಿಸಿರಲಿಲ್ಲ. ಟ್ಯಾಂಕಿನ ನೆತ್ತಿಯಲ್ಲಿ ಬೇರೆಯೇ ಆಗಿ ಇರಬೇಕಾಗಿದ್ದ ಎಚ್ಚರಿಕೆಯ ಸ್ವಿಚ್ಚು ದುರಸ್ತಿಗೆಂದು ಬಿಚ್ಚಿದ್ದು ತಿಂಗಳುಗಳಿಂದ ಮರಳಿರಲಿಲ್ಲ. ಇವೆರಡೂ ಮನುಷ್ಯರ ತಪ್ಪುಗಳೇ, ಒಪ್ಪುತ್ತೇನೆ. ಆದರೆ ಆ ಮನುಷ್ಯರು ಅಂದು ರಾತ್ರಿ ಮನೆಯಲ್ಲಿ ನಿದ್ರಿಸುತ್ತಿದ್ದರು.

ಇದು ಒಂದೂರಿನ ಕಥೆಯಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು ಹಾಗೆಯೇ ಸಿಕ್ಕಿಕೊಂಡಿತು. ಫಲಕದ ದೀಪ ನೋಡಿದರೆ ಕವಾಟ ಮುಚ್ಚಿದಂತೆ ಕಾಣುತ್ತಿತ್ತು. ಆ ದೀಪಕ್ಕೆ ಗೊತ್ತಿದ್ದುದು ಮುಚ್ಚಿಕೊಳ್ಳೆಂಬ ಆಜ್ಞೆ ಹೋಗಿದೆಯೆಂದಷ್ಟೇ; ಕವಾಟ ನಿಜವಾಗಿ ಮುಚ್ಚಿದೆಯೇ ಎಂಬುದಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಸ್ಥಾವರವನ್ನು ತಣ್ಣಗಿಡಬೇಕಾದ ನೀರು ಅದರ ಮೂಲಕ ಹೊರಹೋಯಿತು. ಅಧ್ಯಕ್ಷ ಕಾರ್ಟರ್ ನೇಮಿಸಿದ ವಿಚಾರಣಾ ಆಯೋಗದ ಮುಖ್ಯಸ್ಥರು ಜಾನ್ ಕೆಮೆನಿ. ಹೆಸರು ಎಲ್ಲೋ ಕೇಳಿದಂತಿದೆಯೇ? 1964ರಲ್ಲಿ ಥಾಮಸ್ ಕರ್ಟ್ಜ್ ಅವರೊಡನೆ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಗಣಿತಜ್ಞರು ಇವರೇ. ನಮ್ಮ ಶಾಲೆಗೆ ಸರ್ಕಾರಿ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಯಂತ್ರ ಬಂದಾಗ, ಧೂಳು ಬೀಳದಂತೆ ಬಟ್ಟೆ ಹೊದಿಸಿ, ಪಾದರಕ್ಷೆ ಹೊರಗೆ ಬಿಡಿಸಿ ನಾನು ನಿಮಗೆ ಕಲಿಸಿದ್ದು ಅದೇ ಬೇಸಿಕ್. ಭಾಷೆ ಕಟ್ಟಿದವರೇ ಅಲ್ಲಿ ವಿಚಾರಿಸಿ, ನಡೆಸುವವರ ತಪ್ಪಿನ ಹಿಂದೆ ಕೊರತೆಯ ತರಬೇತಿ, ಗೊಂದಲದ ಸೂಚನೆಗಳು, ಕಂಟ್ರೋಲ್ ರೂಮಿನ ಕೆಟ್ಟ ವಿನ್ಯಾಸ ಇವೆಲ್ಲ ಇದ್ದುವೆಂದು ಅದೇ ವರ್ಷ ಬರೆದರು.

ಬರೆದು ಏನಾಯಿತು? 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಮುಚ್ಚಿದ್ದ ಕವಾಟವನ್ನು ತೆರೆದಿದೆಯೆಂದು ವ್ಯವಸ್ಥೆ ತೋರಿಸಿತು. ಸ್ಫೋಟಕ್ಕೆ ಮುನ್ನಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮೇಲೆ 275 ಅಲಾರಂಗಳು ಸುರಿದವು. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ಬಿಪಿ ಸಂಸ್ಕರಣಾಗಾರದಲ್ಲಿ 170 ಅಡಿಯ ಗೋಪುರದೊಳಗೆ ದ್ರವ ಸುಮಾರು 158 ಅಡಿ ಏರಿದ್ದಾಗ ಪರದೆ ಎಂಟು ಅಡಿಗೂ ಕಡಿಮೆ ತೋರಿಸುತ್ತಿತ್ತು, ಅದೂ ಇಳಿಯುತ್ತಿರುವಂತೆ. ಒಳಬರುವ ಹರಿವಿನ ಲೆಕ್ಕ ಒಂದು ಪರದೆಯಲ್ಲಿ, ಹೊರಹೋಗುವುದರ ಲೆಕ್ಕ ಇನ್ನೊಂದರಲ್ಲಿ. ತೊಟ್ಟಿಗೆ ನೀರು ತುಂಬುವ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳಿಗೂ ನಾವು ಎರಡು ಹಾಳೆಯಲ್ಲಿ ಹರಿದು ಕೊಡುವುದಿಲ್ಲ. ಹದಿನೈದು ಜನ ಸತ್ತರು, 180 ಮಂದಿ ಗಾಯಗೊಂಡರು. ಕಂಪನಿಯ ಮೊದಲ ವರದಿ ಬೆರಳು ತೋರಿದ್ದು ಪಾಳಿಯವರತ್ತ ಮತ್ತು ಮೇಲ್ವಿಚಾರಕರತ್ತ. ಕೆಲವರ ಕೆಲಸವೂ ಹೋಯಿತು. ದೋಷ ಕಂಪನಿಯ ಎಲ್ಲ ಹಂತಗಳಲ್ಲಿಯೂ ಇತ್ತೆಂದು ಸರ್ಕಾರದ ರಾಸಾಯನಿಕ ಸುರಕ್ಷಾ ಮಂಡಳಿ ಹೇಳುವಷ್ಟರಲ್ಲಿ 2007 ಬಂದಿತ್ತು.

ಅದೇ 2005ರ ಡಿಸೆಂಬರ್ 11ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲಿ ನಡೆದದ್ದಂತೂ ನನ್ನ ವಿದ್ಯಾರ್ಥಿಯ ಕಥೆಯ ಅಣ್ಣ. ಪೆಟ್ರೋಲಿನ ಟ್ಯಾಂಕು ತುಂಬುತ್ತಲೇ ಇದೆ, ಮಾಪಕ ಮೂರು ಗಂಟೆಯ ಸುಮಾರಿಗೆ ಸಿಕ್ಕಿಕೊಂಡಿದೆ, ಪರದೆಯಲ್ಲಿ ಮಟ್ಟದ ಗೆರೆ ಅಲುಗದೆ ಮಲಗಿದೆ. ಎಚ್ಚರಿಸಬೇಕಾದ ಅಲಾರಂಗಳು ನಂಬಿದ್ದುದೂ ಅದೇ ಮಾಪಕವನ್ನು. ಮೇಲ್ಮಟ್ಟದ ಪ್ರತ್ಯೇಕ ಸ್ವಿಚ್ಚೂ ಕೈಕೊಟ್ಟಿತು. ಆರು ಗಂಟೆಗೆ ಆಕಾಶವೇ ಹೊತ್ತಿತು. ಆ ಮಾಪಕ ಆಗಸ್ಟ್ ಕೊನೆಯಿಂದ ಅಂದಿನವರೆಗೆ ಹದಿನಾಲ್ಕು ಬಾರಿ ಸಿಕ್ಕಿಕೊಂಡಿತ್ತು.

ಪರದೆಯ ಮೌನವೂ ಸುಳ್ಳೇ. 2003ರ ಆಗಸ್ಟ್ 14ರಂದು ಓಹಾಯೋದ ವಿದ್ಯುತ್ ಕಂಪನಿಯೊಂದರ ನಿಯಂತ್ರಣ ಕೇಂದ್ರದಲ್ಲಿ ಮಧ್ಯಾಹ್ನ 2.14ರ ನಂತರ ಅಲಾರಂ ತಂತ್ರಾಂಶವೇ ಸ್ತಬ್ಧವಾಯಿತು, ತಾನು ನಿಂತೆನೆಂದು ಯಾರಿಗೂ ಹೇಳದೆ. ಅಲಾರಂ ಇಲ್ಲವೆಂದರೆ ಎಲ್ಲ ಕ್ಷೇಮವೆಂದು ಕುಳಿತವರು ತಿಳಿದರು. ಸುಮಾರು ನಾಲ್ಕೂಕಾಲರ ಹೊತ್ತಿಗೆ ಐದು ಕೋಟಿ ಜನ ಕತ್ತಲಲ್ಲಿದ್ದರು. ಇನ್ನು 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಇರಾನಿನ ನತಾಂಜ್‌ನ ಯಂತ್ರಗಳನ್ನು ಕೆಡಿಸುವಾಗ, ಮೊದಲೇ ದಾಖಲಿಸಿಟ್ಟ 21 ಸೆಕೆಂಡುಗಳ ಒಳ್ಳೆಯ ಅಂಕಿಗಳನ್ನು ಮತ್ತೆ ಮತ್ತೆ ತೋರಿಸುವಂತೆ ಹೆಣೆಯಲ್ಪಟ್ಟಿತ್ತು. ಪರದೆಯನ್ನು ಕೆಡಿಸಿದರೆ ಅದರ ಮುಂದೆ ಕುಳಿತವನು ಕುರುಡನೆಂಬುದು ಶತ್ರುವಿಗೆ ಚೆನ್ನಾಗಿ ಗೊತ್ತು, ನಮ್ಮ ತನಿಖಾಧಿಕಾರಿಗಳಿಗೆ ಗೊತ್ತಿಲ್ಲ.

ನಮ್ಮ ನೆರೆಯಲ್ಲೇ, 2020ರ ಮೇ 7ರಂದು, ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರಬಂದು ಹನ್ನೆರಡು ಜನ ಸತ್ತರು. ಆ ಟ್ಯಾಂಕಿನ ಉಷ್ಣತಾಮಾಪಕ ಇದ್ದುದು ಕೆಳಭಾಗದಲ್ಲಿ ಮಾತ್ರ. ನಡುವೆಯಾಗಲಿ ಮೇಲ್ಭಾಗದಲ್ಲಾಗಲಿ ಇರಲಿಲ್ಲವೆಂದು ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ವರದಿ ಮಾಡಿತು. ಬಿಸಿಯಾದ ದ್ರವ ಹಗುರವಾಗಿ ಮೇಲೇರುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಹಾಕಿದ ಬೀಕರನ್ನು ಸ್ಪಿರಿಟ್ ದೀಪದ ಮೇಲಿಟ್ಟು ನಾನು ನಿಮಗೆ ತೋರಿಸುತ್ತಿದ್ದ ಪಾಠ. ಮೇಲೆ ಕುದಿಯುತ್ತಿರುವುದನ್ನು ತಳದ ಮಾಪಕ ಹೇಗೆ ತಾನೇ ಹೇಳೀತು? ಎಷ್ಟು ದುಬಾರಿ ತಂತ್ರಾಂಶವಾದರೂ ತನಗೆ ಕಣ್ಣು ಕೊಟ್ಟ ಕಡೆಯಷ್ಟೇ ನೋಡುತ್ತದೆ.

ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ‘ಗಿರಾಕಿ ಕೇಳಿದ್ದನ್ನು ಮಾಡಿಕೊಡ್ತೀವಿ ಸಾರ್, ಅವರು ದುಡ್ಡು ಕೊಡದ ಬಣ್ಣವನ್ನು ನಾವೇಕೆ ಹಾಕೋಣ’ ಎಂದು ಒಬ್ಬ ಈಗಾಗಲೇ ಹೇಳಿದ್ದಾನೆ. ಅಪ್ಪಾ, ಮನೆ ಕಟ್ಟಿಸುವವನು ಕೇಳಲಿಲ್ಲವೆಂದು ಮೆಟ್ಟಿಲಿನ ನಡುವೆ ಒಂದು ಮೆಟ್ಟಿಲನ್ನು ಮೇಸ್ತ್ರಿ ಬಿಟ್ಟುಬಿಡುತ್ತಾನೆಯೇ? ಇನ್ನೊಬ್ಬನ ವಾದ ಹೆಚ್ಚು ಗಂಭೀರವಾದದ್ದು: ಮನುಷ್ಯನೇ ದುರ್ಬಲ ಕೊಂಡಿ, ಎಲ್ಲವನ್ನೂ ಸ್ವಯಂಚಾಲಿತಗೊಳಿಸಿದರೆ ಸರಿ ಎಂಬುದು. ಇದಕ್ಕೆ ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1983ರಲ್ಲೇ ಉತ್ತರ ಕೊಟ್ಟಿದ್ದಾರೆ. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಬಗೆಹರಿಯದ ಅತಿ ಕಠಿಣ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೀರಿ. ದಿನವೂ ಕೈಯಾಡಿಸಿ ಬರಬೇಕಾಗಿದ್ದ ಪಳಗಿಕೆಯನ್ನು ಅಷ್ಟರಲ್ಲಿ ಅವನಿಂದ ಕಿತ್ತುಕೊಂಡಿರುತ್ತೀರಿ. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳಿದ್ದೇನೆ.

ಆಪರೇಟರುಗಳು ತಪ್ಪೇ ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಪಾಳಿಯಲ್ಲಿ ನಿದ್ದೆ ಹೋದವರೂ, ಅಲಾರಂ ಬಾಯಿಗೆ ಟೇಪು ಅಂಟಿಸಿದವರೂ ಇದ್ದಾರೆ. ನನ್ನ ವಿದ್ಯಾರ್ಥಿಯೇ ಅಂಥವರ ಕಥೆ ಹೇಳಿದ್ದಾನೆ. ತನಗೆ ತಿಳಿಯದ್ದನ್ನು ತಿಳಿದಂತೆ ನಟಿಸುವ ಪರದೆಯನ್ನು ಮುಂದಿಟ್ಟು, ಅದನ್ನು ನಂಬಿದ್ದಕ್ಕೆ ಶಿಕ್ಷಿಸುವುದು ಮಾತ್ರ ಅನ್ಯಾಯ. ಆದ್ದರಿಂದ ಈ ಕಸುಬಿನಲ್ಲಿರುವ ನಿಮ್ಮನ್ನು ಕೇಳುತ್ತೇನೆ: ಅಂಕಿ ಹಳೆಯದಾದರೆ ಅದರ ಬಣ್ಣ ಬದಲಾಗಲಿ. ಕವಾಟ ಎಂದು ಬರೆಯುವಲ್ಲಿ ಆಜ್ಞೆಯೇ, ಸ್ಥಿತಿಯೇ ಎಂದು ಬಿಡಿಸಿ ಬರೆಯಿರಿ. ಅಲಾರಂಗಳಿಗೆ ದರ್ಜೆ ಹಚ್ಚುವ ದಿನ ರಾತ್ರಿ ಪಾಳಿಯವನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನಿಗೆ ಇಂಗ್ಲಿಷ್ ಸರಾಗವಾಗಿ ಬಾರದಿದ್ದರೂ ಸರಿ.

ನೋಟಿಸಿಗೆ ನಾಲ್ಕು ಪುಟದ ಉತ್ತರ ಬರೆದುಕೊಟ್ಟೆ. ಹನ್ನೊಂದು ಹಾಳೆಗಳನ್ನು ಕೆಂಪು ಗುರುತುಗಳ ಸಮೇತ ನಕಲು ಮಾಡಿಸಿ ಲಗತ್ತಿಸಿದೆವು. ಎರಡು ತಿಂಗಳ ನಂತರ ಆದೇಶ ಬಂತು: ಒಂದು ಇನ್‌ಕ್ರಿಮೆಂಟ್ ಕಡಿತ, ಕಂಟ್ರೋಲ್ ರೂಮಿನಿಂದ ಲಾರಿ ತೂಗುವ ವೇಬ್ರಿಜ್‌ಗೆ ವರ್ಗ. ನಮ್ಮ ಲಗತ್ತಿನ ಪ್ರಸ್ತಾಪವೇ ಅದರಲ್ಲಿಲ್ಲ. ಕೆಟ್ಟ ಕಾರ್ಡನ್ನು ಬದಲಾಯಿಸಿದ್ದಾರಂತೆ, ಪರದೆಯ ಚಿತ್ರವನ್ನು ಮುಟ್ಟಿಲ್ಲವಂತೆ. ಅವನ ಕುರ್ಚಿಯಲ್ಲಿ ಈಗ ಆ ತರಬೇತಿಯ ಹುಡುಗ ಕೂರುತ್ತಾನೆ.

ಮೂಲ ಹಾಳೆಗಳು ನನ್ನ ಮೇಜಿನ ಖಾನೆಯಲ್ಲಿವೆ. ಊರಿಗೆ ಬಂದಾಗ ನೋಡಬೇಕೆನಿಸಿದವರು ಮನೆಗೆ ಬನ್ನಿ, ಕಾಫಿ ಕುಡಿಯುತ್ತ ಒಟ್ಟಿಗೆ ಓದೋಣ.