ಮೆರಿಟ್ ಮಾತಾಡುವ ಧಣಿಗಳ ಮಕ್ಕಳಿಗೆ ಒಂದು ಪ್ರಶ್ನೆ

ಹಾಸ್ಟೆಲ್ ಗೆಳೆಯರೇ,

ಸಿಂಧನೂರಿನ ಕಾಲೇಜಿನಾಗ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಾಗ, ಮಸ್ಕಿಯ ಚಹಾದಂಗಡಿ ಮುಂದ ನಮ್ಮ ಮುಖಕ್ಕೆ ಎಸೆಯುವ ಪ್ರಶ್ನೆ ಒಂದೇ: 'ಸಂವಿಧಾನದಾಗ ಎಲ್ಲರೂ ಸಮಾನರು. ಮತ್ತ ನಿಮಗ್ಯಾಕ ರಿಜರ್ವೇಶನ್?' ತಲೆ ತಗ್ಗಿಸಬೇಡಿ. ಉತ್ತರ ಅದೇ ಸಂವಿಧಾನದಲ್ಲಿದೆ.

೧೪ನೇ ವಿಧಿ ಎರಡು ಮಾತು ಹೇಳುತ್ತದೆ. ಒಂದು, ಕಾನೂನಿನ ಮುಂದೆ ಸಮಾನತೆ. ಇನ್ನೊಂದು, ಕಾನೂನುಗಳ ಸಮಾನ ರಕ್ಷಣೆ. ಮೇಲ್ಜಾತಿಯವರು ಮೊದಲನೆಯದನ್ನು ಬಾಯಿಪಾಠ ಮಾಡಿದ್ದಾರೆ, ಎರಡನೆಯದನ್ನು ನುಂಗಿದ್ದಾರೆ. ಸಮಾನ ರಕ್ಷಣೆ ಅಂದರೆ ಸ್ಥಿತಿ ನೋಡಿ ಕೊಡುವ ರಕ್ಷಣೆ. ಕಾಲುವೆ ನೀರಿನ ಭತ್ತದ ಗದ್ದೆಯ ಧಣಿಯ ಮಗನನ್ನೂ, ಆ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವ ತಾಯಿಯ ಮಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಮೋಸ.

ಕೋರ್ಟುಗಳು ಇದನ್ನು ಒಪ್ಪಲು ಬಹಳ ಕಾಲ ಹಿಡಿಯಿತು. ೧೯೫೧ರಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಜಾತಿವಾರು ಸೀಟು ಹಂಚಿಕೆಯನ್ನು ಹೊಡೆದುಹಾಕಿತು. ಬಾಬಾಸಾಹೇಬರು ಕಾನೂನು ಮಂತ್ರಿಯಾಗಿದ್ದ ಅದೇ ವರ್ಷ ಮೊದಲ ತಿದ್ದುಪಡಿಯಾಗಿ ೧೫(೪) ಬಂತು. ೧೯೬೨ರಲ್ಲಿ ನಮ್ಮ ಮೈಸೂರು ರಾಜ್ಯದ ಬಾಲಾಜಿ ಕೇಸಿನಲ್ಲಿ ೬೮ ಪರ್ಸೆಂಟ್ ಮೀಸಲಾತಿ ರದ್ದಾಯಿತು. ಮೀಸಲಾತಿ ಸಮಾನತೆಗೆ ಅಪವಾದ ಅಂದರು. ೧೯೭೫ರಲ್ಲಿ ಕೇರಳದ ಥಾಮಸ್ ಕೇಸು ಬಂತು. ಪರಿಶಿಷ್ಟ ಗುಮಾಸ್ತರಿಗೆ ಇಲಾಖಾ ಪರೀಕ್ಷೆ ಪಾಸಾಗಲು ಹೆಚ್ಚು ಕಾಲ ಕೊಟ್ಟದ್ದನ್ನು ಎತ್ತಿಹಿಡಿದು, ಇದು ಅಪವಾದವಲ್ಲ, ಸಮಾನತೆಯದೇ ದಾರಿ ಅಂದರು. ೧೯೯೨ರ ಮಂಡಲ್ ತೀರ್ಪು ಆ ಮಾತನ್ನು ಗಟ್ಟಿ ಮಾಡಿತು.

ಈಗ ನಮ್ಮ ಪ್ರಶ್ನೆ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ ಅಂತ ೨೦೧೨ರಲ್ಲಿ ಸಂವಿಧಾನ ತಿದ್ದಿ ೩೭೧-ಜೆ ತಂದರು. ಇಲ್ಲಿನ ಕಾಲೇಜುಗಳ ೭೦ ಪರ್ಸೆಂಟ್ ಸೀಟು, ಗ್ರೂಪ್ ಸಿ ನೌಕರಿಗಳ ೮೦ ಪರ್ಸೆಂಟ್ ಇಲ್ಲಿಯವರಿಗೇ. ಧಣಿಯ ಮಗನೂ ಆ ಸರ್ಟಿಫಿಕೇಟು ಹಿಡಿದು ಡಾಕ್ಟರ್ ಸೀಟಿಗೆ ನಿಲ್ಲುತ್ತಾನೆ. ಬೆಂಗಳೂರಿನವರ ಜೊತೆ ನಮ್ಮನ್ನ ಒಂದೇ ತಕ್ಕಡಿಗೆ ಹಾಕಬ್ಯಾಡ್ರಿ ಅಂತಾನ. ನ್ಯಾಯವಾದ ಮಾತು! ನಾವೂ ಒಪ್ಪುತ್ತೇವೆ. ಆದರೆ ಜಿಲ್ಲೆ ಹಿಂದುಳಿದರೆ ಕೆಡದ ಮೆರಿಟ್, ಕೇರಿ ಹಿಂದುಳಿದರೆ ಹ್ಯಾಂಗ ಕೆಡ್ತದ? ಜಿಲ್ಲೆಯನ್ನ ನಿಜಾಮ ಹಿಂದಿಟ್ಟ, ಬೆಂಗಳೂರಿನ ಸರ್ಕಾರ ಹಿಂದಿಟ್ಟಿತು ಅಂತೀರಿ. ಕೇರಿಯನ್ನ ಹಿಂದಿಟ್ಟವರು ಯಾರು, ಧಣಿಗಳೇ?

ಗೆಳೆಯರೇ, ಇವತ್ತು ರಾತ್ರಿ ಊಟವಾದ ಮೇಲೆ ಹಾಸ್ಟೆಲಿನಲ್ಲಿ ಕೂತು ೧೪ರಿಂದ ೧೭ರವರೆಗಿನ ವಿಧಿಗಳನ್ನು ಗಟ್ಟಿಯಾಗಿ ಓದಿ. ನಾಳೆ ಪ್ರಶ್ನೆ ಬಂದಾಗ ೩೭೧-ಜೆ ಸರ್ಟಿಫಿಕೇಟು ಮೊದಲು ಕೆಳಗಿಡು ಅಂತ ಹೇಳಿ. ಆಮೇಲೆ ಮೆರಿಟ್ ಮಾತಾಡೋಣ.

ಜೈ ಭೀಮ್!