ಎಣಿಕೆಯೂ ಹುಡುಕಾಟವೂ



ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಯಾವ ಊರಿನಿಂದ ಎಷ್ಟು ಮಂದಿ ಹುಡುಗಿಯರು ಬರುತ್ತಾರೆಂದು ತಿಳಿಯಲು ಹಿಂದೆ ಜನರಲ್ ರಜಿಸ್ಟರನ್ನು ತೆರೆದು, ಗೀಟು ಹಾಕಿ ಎಣಿಸಬೇಕಾಗಿತ್ತು. ಈಗ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ‘ಕೌಂಟ್‌ಇಫ್’ ಎಂಬ ಸೂತ್ರವುಂಟು. ಅದಕ್ಕೆ ಕಾಲಮನ್ನೂ ಹುಡುಕತಕ್ಕ ಮಾತನ್ನೂ ತೋರಿಸಿದರೆ, ಆ ಮಾತು ಎಷ್ಟು ಸಲ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತಿಳಿಸುತ್ತದೆ. ಇದು ದೊಡ್ಡ ಉಪಕಾರವೇ ಸರಿ.

ಆದರೆ ಸೂತ್ರವು ಅಕ್ಷರವನ್ನು ನೋಡುತ್ತದೆ, ಅರ್ಥವನ್ನಲ್ಲ. ‘ನಿಪ್ಪಾಣಿ’, ‘ನಿಪಾಣಿ’ ಎಂದು ಎರಡು ಬಗೆಯಾಗಿ ಬರೆದರೆ ಒಂದೇ ಊರು ಎರಡಾಗುವದು. ಇದನ್ನು ತಿದ್ದುವದು ಸುಲಭ.

ಸುಲಭವಲ್ಲದ್ದು ಬೇರೊಂದುಂಟು. ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಮಿನಲ್ಲಿ ‘ಮನೆಯ ಅಡಚಣೆ’ ಎಂಬ ಮಾತೇ ಮತ್ತೆ ಮತ್ತೆ ಬರುತ್ತದೆ. ಬರೆದವರು ನಾವೇ, ಪೋಷಕರ ಮನಸ್ಸು ನೋಯಬಾರದೆಂದು ಬರೆದೆವು. ಮನೆಗೆಲಸವೋ, ಬಸ್ಸಿಲ್ಲದ ದೂರವೋ, 2006ರ ಕಾಯಿದೆಯು ನಿಷೇಧಿಸಿರುವ, 18 ವರ್ಷ ತುಂಬದವಳ ಮದುವೆಯೋ, ಎಲ್ಲವೂ ಆ ಒಂದು ಮಾತಿನೊಳಗೆ ಅಡಗಿಹೋಯಿತು. ಸೂತ್ರವು ಅದನ್ನು ತಪ್ಪಿಲ್ಲದೆ ಎಣಿಸಿತು. ನಮಗೆ ಮಾತ್ರ ಏನೂ ತಿಳಿಯಲಿಲ್ಲ.

ಆದಕಾರಣ ಉಪಾಧ್ಯಾಯಿನಿಯೊಬ್ಬಳು ಹುಡುಗಿಯ ಮನೆಗೆ ಹೋಗಿ ಬಾರದೆ ಆ ಕಾಲಮನ್ನು ತುಂಬಬಾರದೆಂಬದು ನಮ್ಮ ಅಭಿಪ್ರಾಯ. ಪೋಷಕರು ನಿಜವನ್ನು ಹೇಳಬೇಕು. ಪೂರ್ವ ವಿದ್ಯಾರ್ಥಿನಿಯರು ತಮ್ಮ ಓಣಿಯಲ್ಲಿ ಶಾಲೆ ಬಿಟ್ಟವಳಿದ್ದರೆ ನಮಗೆ ತಿಳಿಸಬೇಕು. ಸಾಮ್ಯದಲ್ಲಿ ನೂರು ಕುರಿಗಳೊಳಗೆ ಒಂದು ತಪ್ಪಿಹೋಯಿತೆಂದು ಕುರುಬನು ಎಣಿಕೆಯಿಂದ ತಿಳಿದಿರಬಹುದು. ಆದರೆ ಅದು ದೊರೆತದ್ದು ಅವನು ಹುಡುಕಿಕೊಂಡು ಹೋದದ್ದರಿಂದ.